ಅವಳಿ ಗರ್ಭ: ಮೊದಲ ಸ್ಕ್ಯಾನ್ ತಪ್ಪದಿರಲಿ



ನನ್ನ ಮಗಳ ಹೊಟ್ಟೆಯಲ್ಲಿ ಅವಳಿ ಇದೆಯೆಂದು ತಿಳಿದದ್ದು ಐದನೇ ತಿಂಗಳಲ್ಲಿ. ಮನೆಯವರೆಲ್ಲ ಹಿಗ್ಗಿದೆವು. ವೈದ್ಯೆ ಮಾತ್ರ ಫೈಲ್ ತಿರುವುತ್ತಾ, ‘ಮೂರನೇ ತಿಂಗಳ ಸ್ಕ್ಯಾನ್ ಎಲ್ಲಮ್ಮಾ?’ ಎಂದರು. ಮೂರು ತಿಂಗಳು ತುಂಬುವತನಕ ಯಾರಿಗೂ ಹೇಳಬಾರದೆಂಬ ರೂಢಿಗೆ ಅಂಟಿಕೊಂಡು ನಾವು ಆಸ್ಪತ್ರೆಗೇ ಹೋಗಿರಲಿಲ್ಲ.

ಮಕ್ಕಳು ಎರಡೆಂದು ತಿಳಿದರೆ ಸಾಲದು. ಮಾಸು ಒಂದೋ ಎರಡೋ ಎಂಬುದೂ ತಿಳಿಯಬೇಕು. 11ರಿಂದ 14 ವಾರಗಳೊಳಗೆ ಅದು ಸ್ಪಷ್ಟವಾಗಿ ಕಾಣುತ್ತದೆ, ಆಮೇಲೆ ಗುರುತಿಸುವುದು ಕಷ್ಟ. ಒಂದೇ ಮಾಸು ಹಂಚಿಕೊಂಡ ಅವಳಿಗಳಲ್ಲಿ ನೂರಕ್ಕೆ 10–15 ಪ್ರಕರಣಗಳಲ್ಲಿ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹೆಚ್ಚಾಗಿ ಹರಿದು ಎರಡರ ಜೀವಕ್ಕೂ ಕುತ್ತು ಬರುತ್ತದೆ. ಅಂಥ ಬಸುರಿಯರಿಗೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಬೇಕು. ಬೇಗ ಪತ್ತೆಯಾದರೆ ಲೇಸರ್ ಚಿಕಿತ್ಸೆಯಿದೆ. ತಾಯಿಗೂ ರಕ್ತದೊತ್ತಡ, ರಕ್ತಹೀನತೆ, ಅವಧಿಗೆ ಮುಂಚಿನ ಹೆರಿಗೆಯ ಭಯ ಹೆಚ್ಚು.

ನಮ್ಮ ಮೊಮ್ಮಕ್ಕಳು ಉಳಿದುಕೊಂಡರು. ಆದರೆ ಮಾಸು ಎಷ್ಟೆಂದು ತಿಳಿಯದೆ ಹೆರಿಗೆಯವರೆಗೆ ಕಳೆದ ಆ ನಾಲ್ಕು ತಿಂಗಳ ಆತಂಕ ಯಾರಿಗೂ ಬೇಡ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಿಂಗಳು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ. ಅವಳಿಯಾದರೆ ಮಾಸು ಎಷ್ಟೆಂಬುದನ್ನು ತಾಯಿ ಕಾರ್ಡಿನಲ್ಲಿ ತಪ್ಪದೆ ಬರೆಯುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ.

– ಅವಳಿ ಮೊಮ್ಮಕ್ಕಳ ಅಜ್ಜಿ, ಹಾವೇರಿ