ಜರಾ ಹಿಡಿ ಬಾ!

ಬೈಕಿನ ಸಂಗತಿ ಹೆಂಗಸರಿಗೇಕೆ ಎಂದು ಪುಟ ಮಗುಚುವವರು ದಯವಿಟ್ಟು ಒಂದು ನಿಮಿಷ ತಾಳಬೇಕು. ನಿಮ್ಮ ಅಂಗಳದಲ್ಲಿ ಒಂದು ಬೈಕು ನಿಂತಿದ್ದರೆ, ಅದರ ಚೈನಿಗೆ ಎಣ್ಣೆ ಬೀಳುವ ದಿನ ನಿಮಗೂ ಅದಕ್ಕೂ ನಂಟು ಬಿದ್ದೇ ಬೀಳುತ್ತದೆ. ಒಲೆಯ ಮೇಲೆ ತೊಗರಿಬೇಳೆ ಕುದಿಯುತ್ತಿರುತ್ತದೆ, ಹೊರಗಿನಿಂದ ಕೂಗು ಬರುತ್ತದೆ: “ಏ, ಜರಾ ಹಿಡಿ ಬಾ!”

ಈ ಮಾತಿನ ಮೇಲೆ ನನಗೆ ಬಹಳ ದಿನದ ಸಿಟ್ಟಿದೆ. ಏನು ಹಿಡಿಯಬೇಕು? ಸೈಡ್ ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯನ್ನು ಮನೆಯವರು ಇನ್ನಷ್ಟು ಎಡಕ್ಕೆ ವಾಲಿಸಿ, ಹಿಂದಿನ ಗಾಲಿ ನೆಲ ಬಿಟ್ಟೊಡನೆ ಕಾಲಿನಿಂದ ಅದರಡಿ ಒಂದು ಇಟ್ಟಂಗಿಯನ್ನೋ ಫರಸಿಯ ತುಂಡನ್ನೋ ತಳ್ಳುತ್ತಾರೆ. ನೂರೈವತ್ತು ಕಿಲೋ ಆಸುಪಾಸಿನ ಆ ಕಬ್ಬಿಣ ಈಗ ಒಂದು ಬೋಲ್ಟಿನ ಮೇಲೆ, ಒಂದು ಇಟ್ಟಂಗಿಯ ಮೇಲೆ ಮತ್ತು ನಿಮ್ಮ ಮೇಲೆ ನಿಂತಿದೆ. ನೀವು ಬರಿಗಾಲಲ್ಲಿದ್ದೀರಿ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೀರಿ. ಅವರು ಕೆಳಗೆ ಕುಳಿತು ಗಾಲಿ ತಿರುಗಿಸುತ್ತ ಹಳೆಯ ಬನಿಯನ್ನಿನ ಚಿಂದಿಯಿಂದ ಚೈನು ಒರೆಸುತ್ತಾರೆ. ಕೆಲಸ ಮಾಡಿದವರು ಅವರು. ನೀವು ಬರೇ ಹಿಡಿದವರು. ಬಿದ್ದರೆ ಮಾತ್ರ, “ನೆಟ್ಟಗ ಹಿಡೀಲಿಕ್ಕೂ ಬರಂಗಿಲ್ಲ!”

ಕಂಪನಿಗಳು ಬೈಕಿನಿಂದ ಡಬಲ್ ಸ್ಟ್ಯಾಂಡನ್ನು ತೆಗೆದುಹಾಕಿದವು. ಆ ಜಾಗಕ್ಕೆ ನಮ್ಮ ಮನೆಗಳು ಹೆಂಡತಿಯನ್ನೋ ತಾಯಿಯನ್ನೋ ತಂದು ನಿಲ್ಲಿಸಿದವು. ನನ್ನ ತಕರಾರು ಇಷ್ಟೇ.

ಮೊದಲು ಹೀಗಿರಲಿಲ್ಲ. 1994ರಲ್ಲಿ ಬಂದ ಸ್ಪ್ಲೆಂಡರ್ ನಮ್ಮ ಸೀಮೆಯ ಎಷ್ಟೋ ಮನೆಗೆ ಬಂದ ಮೊದಲ ಬೈಕು. ಸುಮಾರು 110 ಕಿಲೋ ತೂಕ, ಹೊಟ್ಟೆಯ ಕೆಳಗೆ ಎರಡು ಕಾಲಿನ ಡಬಲ್ ಸ್ಟ್ಯಾಂಡು. ಏಳನೆಯ ಇಯತ್ತೆಯ ಮಕ್ಕಳಿಗೆ ಸನ್ನೆಯ ಪಾಠ ಹೇಳುವಾಗ ನಾನು ಅವರನ್ನು ಹೊರಗೆ ಕರೆದೊಯ್ದು ಗುರುಗಳೊಬ್ಬರ ಸ್ಪ್ಲೆಂಡರನ್ನೇ ತೋರಿಸುತ್ತಿದ್ದೆ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ತಾಕಿತೇ ಎಂದು ನೋಡಿ, ನಾಲಿಗೆಯಂತೆ ಚಾಚಿದ ಪಟ್ಟಿಯ ಮೇಲೆ ಬಲಗಾಲಿಟ್ಟು ಪೂರ್ತಿ ಮೈಭಾರ ಬಿಡಬೇಕು. ಕೈ ದಾರಿ ತೋರಿಸಿದರೆ ಸಾಕು, ಎತ್ತಬೇಕಿಲ್ಲ. ಐವತ್ತು ಕಿಲೋದ ನಾನು ಅದನ್ನು ಹಾಗೆ ಏರಿಸಿದಾಗ ಹಿಂದಿನ ಬೆಂಚಿನ ಹುಡುಗರು ಚಪ್ಪಾಳೆ ಹೊಡೆದರು. ಹುಡುಗಿಯರು ಹೊಡೆಯಲಿಲ್ಲ, “ನಾವೂ ಮಾಡ್ತೀವ್ರಿ ಟೀಚರ್” ಎಂದು ಮುಂದೆ ಬಂದರು!

ಇದೇನು ಹೊಸ ವಿದ್ಯೆಯೇ? ಶಹಾಬಾದಿನ ಗಣಿಗಳಲ್ಲಿ ಹಾರೆ ತೂರಿಸಿ ಫರಸಿಯನ್ನು ಪದರ ಪದರವಾಗಿ ಎಬ್ಬಿಸುವವರನ್ನು ನೋಡಿ. ನಮ್ಮ ಮಳಖೇಡ ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕಾಗಿಣಾ ದಂಡೆಯ ಕೋಟೆಗೋಡೆಗೆ ಕಲ್ಲು ಏರಿಸಿದವರು ಮನೆಯಾಕೆಯನ್ನು “ಜರಾ ಹಿಡಿ ಬಾ” ಎಂದು ಕರೆದು ಏರಿಸಿರಲಾರರು.

ಈಗಿನ ಹುಡುಗರ ಬೈಕುಗಳ ಮಾತೇ ಬೇರೆ. 2012ರಲ್ಲಿ ನಮ್ಮ ದೇಶದ ರಸ್ತೆಗಿಳಿದ ಕೆಟಿಎಂ ಡ್ಯೂಕ್ 200ಕ್ಕೆ ಡಬಲ್ ಸ್ಟ್ಯಾಂಡಿಲ್ಲ. ಅಂಥವು ಆಮೇಲೆ ಎಷ್ಟೋ ಬಂದವು. ಕಾರಣ ಕೇಳಿದರೆ ಹೇಳುತ್ತಾರೆ: ಸೈಲೆನ್ಸರಿನ ಡಬ್ಬಿ ಎಂಜಿನ್ನಿನ ಅಡಿಗೆ ಬಂದಿದೆ, ಜಾಗವಿಲ್ಲ, ತಿರುವಿನಲ್ಲಿ ವಾಲಿದಾಗ ನೆಲಕ್ಕೆ ತಾಕುತ್ತದೆ, ತೂಕ ಕಡಿಮೆಯಾಗಬೇಕು. ಜಾಗದ ಮಾತನ್ನು ಒಪ್ಪೋಣ. ವಾಲುವ ಮಾತು ರೇಸಿನ ಮೈದಾನಕ್ಕೆ ಸರಿ. ಸಿಮೆಂಟ್ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಹೋಗುವ ನಮ್ಮ ಸೇಡಂ ರಸ್ತೆಯಲ್ಲಿ ಯಾರು ಅಷ್ಟು ವಾಲುತ್ತಾರೆ? ತೂಕದ ಮಾತನ್ನಂತೂ ನನ್ನ ಮುಂದೆ ಆಡಬಾರದು. 190 ಕಿಲೋ ಮೀರಿದ ಬುಲೆಟ್ಟಿಗೇ ಡಬಲ್ ಸ್ಟ್ಯಾಂಡ್ ಇದೆ.

ಕಾಯಿದೆಯಾದರೂ ನಮ್ಮ ಪರ ಇದೆಯೇ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಹಿಂದೆ ಕೂರುವವರಿಗೆ ಹಿಡಿಕೆ ಬೇಕು, ಕಾಲಿಡಲು ಜಾಗ ಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಅರ್ಧವಾದರೂ ಮುಚ್ಚಿರಬೇಕು ಎನ್ನುತ್ತದೆ. ನಾವು ಸಾರಿ ಗಾರ್ಡ್ ಎನ್ನುವುದು ಇದನ್ನೇ. ಬಹಳ ಒಳ್ಳೆಯ ನಿಯಮ, ಎಷ್ಟೋ ಜೀವ ಉಳಿಸಿದೆ. ಹಿಂದೆ ಕುಳಿತವಳ ಸೆರಗನ್ನು ನೆನೆದ ಕಾಯಿದೆ, ಪಕ್ಕದಲ್ಲಿ ಬರಿಗಾಲಲ್ಲಿ ನಿಂತವಳ ಹೆಬ್ಬೆರಳನ್ನು ನೆನೆಯಲಿಲ್ಲ. ಡಬಲ್ ಸ್ಟ್ಯಾಂಡ್ ಇರಲೇಬೇಕೆಂಬ ಕಟ್ಟಳೆ ಇಲ್ಲ.

“ಮನೆಯಲ್ಲೇಕೆ ಮಾಡಬೇಕು, ಮೆಕ್ಯಾನಿಕ್ಕಿಗೆ ಕೊಡಿ” ಎನ್ನುವ ಜಾಣರಿದ್ದಾರೆ. ಅವರು ಬೇಕಾದರೆ ಬಂದು ಮಳಖೇಡ, ಸೇಡಂ, ವಾಡಿ, ಶಹಾಬಾದಿನಲ್ಲಿ ಒಂದು ವಾರ ಇದ್ದು ನೋಡಲಿ. ಎಲ್ಲಿ ನೋಡಿದರೂ ಸುಣ್ಣಗಲ್ಲು, ಸಿಮೆಂಟು. ಎಣ್ಣೆ ಹತ್ತಿದ ಚೈನಿಗೆ ಆ ಪುಡಿ ಅಂಟಿದರೆ ಸಾಣೆ ಹಿಡಿದಂತೆ ಹಲ್ಲುಗಳನ್ನು ತಿನ್ನುತ್ತದೆ. 500 ಕಿಲೋಮೀಟರಿಗೊಮ್ಮೆ ಒರೆಸಿ ಎಣ್ಣೆ ಹಾಕಬೇಕು. ಕಾರ್ಖಾನೆಯ ಪಾಳಿಗೆ ದಿನಾ ಹೋಗಿ ಬರುವವನಿಗೆ ಇದು ಎರಡು ಮೂರು ವಾರದ ಮಾತು. ಅಷ್ಟಕ್ಕೆಲ್ಲ ಅಂಗಡಿಗೆ ಯಾರು ಹೋಗುತ್ತಾರೆ?

ನೆಲವೂ ಮೋಸದ್ದೇ. ಅಂಗಳಕ್ಕೆ ಹಾಸಿದ ಫರಸಿ ನೋಡಲು ಸಪಾಟು. ಅಡಿಯಲ್ಲಿ ಮಣ್ಣು ಟೊಳ್ಳಾಗಿದ್ದರೆ ಸ್ಟ್ಯಾಂಡಿನ ಮೊನೆ ಒತ್ತಿದ ಕಡೆ ಟಪ್ ಎಂದು ಸೀಳುತ್ತದೆ. ಅಂಗಳಕ್ಕೆ ಕಲ್ಲಿಲ್ಲದ ಮನೆಯಲ್ಲಿ ಎರೆಮಣ್ಣು. ಬೇಸಿಗೆಯಲ್ಲಿ ಕಬ್ಬಿಣದಂತಿದ್ದದ್ದು ಮಳೆ ಬಿದ್ದ ಮರುದಿನ ಬೆಣ್ಣೆ.

ಎರಡು ವರ್ಷದ ಹಿಂದೆ ನಮ್ಮ ಓಣಿಯಲ್ಲಿ ಏಳು ತಿಂಗಳ ಬಸುರಿಯೊಬ್ಬಳು ಹೀಗೆ ಬೈಕು ಹಿಡಿದು ನಿಂತಿದ್ದಳು. ಒಂದು ಕೈ ಸೀಟಿನ ಹಿಂದೆ, ಇನ್ನೊಂದು ಹ್ಯಾಂಡಲಿಗೆ, ಹೊಟ್ಟೆ ಟ್ಯಾಂಕಿಗೆ ಒತ್ತಿಕೊಂಡಿತ್ತು. ನಾನು ಕಾಂಪೌಂಡಿನ ಈಚೆಯಿಂದಲೇ ಆ ಹುಡುಗನಿಗೆ ಬೈದೆ. ಅವನ ತಾಯಿ ತಿಂಗಳುಗಟ್ಟಲೆ ನನ್ನೊಡನೆ ಮಾತು ಬಿಟ್ಟರು. ಬಿಡಲಿ. ನನಗೆ ಕೆಡುಕೆನಿಸಿದ್ದು ಆ ಹುಡುಗಿಯ ಉತ್ತರ: “ಬಿಟ್ರ ಗಾಡಿಗಿ ಪೆಟ್ಟಾಗ್ತದಲ್ರೀ ಟೀಚರ್.”

ಅಕ್ಕತಂಗಿಯರೇ, ಬೀಳುವ ಬೈಕನ್ನು ಬಿಟ್ಟುಬಿಡಿ. ಹ್ಯಾಂಡಲ್ ಕೈ ಜಾರಿತು ಅನ್ನಿಸಿದೊಡನೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಿರಿ. ಸಾಧ್ಯವಾದರೆ “ಬಿತ್ತು!” ಎಂದು ಕೂಗಿ, ಕೆಳಗೆ ಕುಳಿತವರು ಸರಿದಾರು. ಟ್ಯಾಂಕಿನ ಗೀರಿಗೆ ಬಣ್ಣ ಸಿಗುತ್ತದೆ, ಲಿವರ್ ಮುರಿದರೆ ಸೇಡಂ ಪೇಟೆಯಲ್ಲಿ ಹೊಸದು ಸಿಗುತ್ತದೆ.

ಹಾಗಾದರೆ ಮಾಡುವುದು ಹೇಗೆ? ಸುಲಭದ ದಾರಿ ಎಂದರೆ ಎತ್ತದೇ ಇರುವುದು. ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆಯೇ ನಿಂತಿರಲಿ, ಎಂಜಿನ್ ಬಂದಾಗಿ ತಣ್ಣಗಿರಲಿ. ಕಾಣುವಷ್ಟು ಚೈನನ್ನು ಒರೆಸಿ, ಎಣ್ಣೆ ಹಾಕಿ, ಗಾಡಿಯನ್ನು ನೆಟ್ಟಗೆ ಮಾಡಿ ಒಂದು ಮಾರು ಮುಂದೆ ತಳ್ಳಿ ಮತ್ತೆ ನಿಲ್ಲಿಸಿ, ಮುಂದಿನ ಭಾಗ. ಸಾಮಾನ್ಯವಾಗಿ ಹಿಂದಿನ ಗಾಲಿ ಮೂರು ಸುತ್ತು ಉರುಳುವಷ್ಟರಲ್ಲಿ ಚೈನು ಒಂದು ಸುತ್ತು ಬಂದಿರುತ್ತದೆ. ಇದನ್ನು ಒಬ್ಬರೇ ಮಾಡಬಹುದು, ನೀವು ಬೇಳೆ ನೋಡಿಕೊಳ್ಳಬಹುದು.

ಎತ್ತಲೇಬೇಕು ಎನ್ನುವವರಿಗೆ ಪ್ಯಾಡಕ್ ಸ್ಟ್ಯಾಂಡ್ ಇದೆ. ಸಾಧಾರಣ ರೇಷ್ಮೆ ಸೀರೆಗಿಂತ ಕಡಿಮೆ ಬೆಲೆ. ಹಿಂದಿನ ಗಾಲಿಯನ್ನು ಎರಡೂ ಬದಿಯಿಂದ ಹಿಡಿದ ಕಬ್ಬಿಣದ ತೋಳಿಗೆ ಮೆಕ್ಯಾನಿಕ್ಕುಗಳು ಸ್ವಿಂಗ್ ಆರ್ಮ್ ಎನ್ನುತ್ತಾರೆ. ಈ ಸ್ಟ್ಯಾಂಡು ಅದರಡಿಗೆ ಹೋಗಿ ಸನ್ನೆಯಂತೆ ಗಾಡಿಯನ್ನು ಮೇಲೆತ್ತುತ್ತದೆ. ಗಟ್ಟಿ ಸಪಾಟು ನೆಲ ಬೇಕು. ಮುಂದಿನ ಬ್ರೇಕಿನ ಲಿವರನ್ನು ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದರೆ ಗಾಡಿ ಮುಂದೆ ಹರಿಯುವುದಿಲ್ಲ. ಸೈಡ್ ಸ್ಟ್ಯಾಂಡು ಚಾಚಿಯೇ ಇರಲಿ. ಸ್ಟ್ಯಾಂಡಿನ ಎರಡೂ ಕೊಕ್ಕೆ ಸಮನಾಗಿ ಕುಳಿತದ್ದನ್ನು ಬಗ್ಗಿ ನೋಡದೆ ಒತ್ತಬಾರದು. ಎತ್ತುವ ಅರ್ಧ ನಿಮಿಷ ಬಲಬದಿಯಲ್ಲಿ ಇನ್ನೊಬ್ಬರು ಬೇಕು, ಬೂಟು ಹಾಕಿಕೊಂಡ, ಗಟ್ಟಿಮುಟ್ಟಾದ ಒಬ್ಬರು. ಅದು ಅಡುಗೆಮನೆಯಿಂದಲೇ ಬರಬೇಕೆಂದೇನಿಲ್ಲ, ಪಕ್ಕದ ಮನೆಯ ತಮ್ಮನೂ ಆದೀತು. ಇಳಿಸುವಾಗಲೂ ಅದೇ ಎಚ್ಚರ. ಕಾಲ್ಬೆರಳು ಸಿಕ್ಕಿಕೊಳ್ಳುವುದು ಆಗಲೇ ಹೆಚ್ಚು. ಮುಂದಿನ ಗಾಲಿ ಎತ್ತುವ ಸಾಹಸ ಮನೆಯಲ್ಲಿ ಬೇಡ.

ಗಾಲಿ ಮೇಲೆದ್ದ ಮೇಲೆ ಇನ್ನೊಂದು ಚಟವಿದೆ. ಎಂಜಿನ್ ಶುರುಮಾಡಿ ಗೇರಿಗೆ ಹಾಕಿ, ಓಡುವ ಚೈನಿಗೆ ಬಟ್ಟೆ ಹಿಡಿಯುವುದು! ಬಟ್ಟೆ ಚೈನಿಗೆ ಸಿಕ್ಕರೆ ಬೆರಳು ಹಲ್ಲಿನ ಚಕ್ರಕ್ಕೆ ಹೋಗುತ್ತದೆ. ನನ್ನ ತರಗತಿಯ ಒಬ್ಬ ಹುಡುಗ ಅಪ್ಪನಿಗೆ ನೆರವಾಗಲು ಹೋಗಿ ಬಲಗೈಯ ತೋರುಬೆರಳಿನ ತುದಿ ಕಳೆದುಕೊಂಡು ಬಂದ. ಮೂರು ತಿಂಗಳು ಎಡಗೈಯಲ್ಲಿ ಬರೆದ. ಪೆನ್ಸಿಲ್ ಹಿಡಿಯಲು ಅವನಿಗೆ ಮತ್ತೆ ಕಲಿಸಿದವಳು ನಾನು. ಗಾಲಿಯನ್ನು ಕೈಯಿಂದಲೇ, ನಿಧಾನವಾಗಿ ತಿರುಗಿಸಬೇಕು, ಕೀಲಿ ಕಿಸೆಯಲ್ಲಿರಬೇಕು.

ಹೊಸ ಗಾಡಿ ಕೊಳ್ಳಲು ಶೋರೂಮಿಗೆ ಹೋದಾಗ ಬಣ್ಣ ಆರಿಸುವ ಕೆಲಸವನ್ನಷ್ಟೇ ನಮಗೆ ಬಿಡುತ್ತಾರೆ. ನೀವು ಬಗ್ಗಿ ಗಾಡಿಯ ಅಡಿಗೆ ನೋಡಿ, ಡಬಲ್ ಸ್ಟ್ಯಾಂಡ್ ಎಲ್ಲಿ ಎಂದು ಕೇಳಿ. ಇಲ್ಲ ಎಂದರೆ ಪ್ಯಾಡಕ್ ಸ್ಟ್ಯಾಂಡನ್ನು ಅದೇ ಬಿಲ್ಲಿಗೆ ಸೇರಿಸಿ ಕೊಡಿ ಎನ್ನಿ. ನಾನು ಕೇಳಿದಾಗ ಅಲ್ಲಿದ್ದ ಹುಡುಗ ನಕ್ಕು ನನ್ನ ಮಗನ ಮುಖ ನೋಡಿದ. “ಅವನ್ನ ಯಾಕ ನೋಡ್ತೀಯಪ್ಪಾ, ಹಿಡಿಯಾಕಿ ನಾನು” ಎಂದೆ.

ನಮ್ಮ ಓಣಿಯಲ್ಲಿ ಮೂರು ಮನೆ ಸೇರಿ ಒಂದು ಪ್ಯಾಡಕ್ ಸ್ಟ್ಯಾಂಡ್ ಕೊಂಡಿದ್ದೇವೆ. ಅದು ನಮ್ಮ ಪಡಸಾಲೆಯಲ್ಲಿರುತ್ತದೆ. ಒಯ್ಯಲು ಬರುವವರು ಬೂಟು ಹಾಕಿಕೊಂಡು ಬರಬೇಕು, ಜೊತೆಗೊಬ್ಬ ಗಟ್ಟಿ ಆಳನ್ನು ಕರೆದುಕೊಂಡೇ ಬರಬೇಕು. ಚಪ್ಪಲಿ ಮೆಟ್ಟಿ ಒಬ್ಬರೇ ಬಂದವರನ್ನು ಬಾಗಿಲಿನಿಂದಲೇ ಕಳಿಸುತ್ತೇನೆ.