ದೆಹಲಿಗೆ ಮಗಳನ್ನು ಕಳಿಸುವುದೇ?

“ಆಪಾ, ಮಗಳ ಬಿ.ಎ. ಮುಗಿಯುತ್ತಾ ಬಂತು. ವಿದೇಶಾಂಗ ಇಲಾಖೆಯಲ್ಲಿ ಇಂಟರ್ನ್‌ಶಿಪ್ ಇದೆಯಂತೆ, ದೆಹಲಿಗೆ ಅರ್ಜಿ ಹಾಕುತ್ತೇನೆ ಅನ್ನುತ್ತಾಳೆ. ಇತ್ತ ಒಳ್ಳೆಯ ಸಂಬಂಧವೂ ಬಂದಿದೆ. ಏನು ಮಾಡಲಿ?”

ನಮ್ಮ ಹೊಳಲಿನ ತಾಯಿಯೊಬ್ಬರು ಕೇಳಿದ ಪ್ರಶ್ನೆ ಇದು. ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಮನೆಗಳಲ್ಲೂ ಇಂಥದೇ ಪ್ರಶ್ನೆ ಇರಬಹುದು. ಆದ್ದರಿಂದ ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ.

ಸಹೋದರಿಯರೇ, ಮೊದಲು ವಿಷಯ ತಿಳಿದುಕೊಳ್ಳೋಣ. ಇಂಟರ್ನ್‌ಶಿಪ್ ಎಂದರೆ ನೌಕರಿಯಲ್ಲ, ಕೆಲಸ ಕಲಿಯುವ ಅವಕಾಶ. ಪದವಿ ಮುಗಿಸಿದ ಯುವಜನರನ್ನು ವಿದೇಶಾಂಗ ಸಚಿವಾಲಯ ಒಂದರಿಂದ ಮೂರು ತಿಂಗಳು ದೆಹಲಿಯ ಕಚೇರಿಗೆ ಕರೆಸಿಕೊಳ್ಳುತ್ತದೆ. ಬೇರೆ ದೇಶಗಳೊಡನೆ ವ್ಯವಹಾರ ಹೇಗೆ ನಡೆಯುತ್ತದೆ, ಟಿಪ್ಪಣಿ ಹೇಗೆ ಬರೆಯುತ್ತಾರೆ ಎಂಬುದನ್ನು ಅವರು ಅಲ್ಲಿ ಕಣ್ಣಾರೆ ಕಾಣುತ್ತಾರೆ. ಇತ್ತೀಚಿನ ಪ್ರಕಟಣೆಗಳಲ್ಲಿ ತಿಂಗಳಿಗೆ 10,000 ರೂಪಾಯಿ ಗೌರವಧನ ಮತ್ತು ಹೋಗಿಬರುವ ವಿಮಾನದ ಖರ್ಚು ಎಂದಿದೆ. ಊಟ, ವಸತಿ ನಾವೇ ನೋಡಿಕೊಳ್ಳಬೇಕು. ವಯಸ್ಸು 25 ದಾಟಿರಬಾರದು. ನಿಯಮಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ಮುನ್ನ ಆ ವರ್ಷದ ಪ್ರಕಟಣೆಯನ್ನು ತಂದೆತಾಯಿಯೂ ಕೂತು ಓದಬೇಕು.

“ಇದೆಲ್ಲ ನಮ್ಮಂಥವರಿಗಲ್ಲ” ಎನ್ನುವವರಿದ್ದಾರೆ. ಟಿಪ್ಪು ಸುಲ್ತಾನರು 1786ರಲ್ಲಿ ಇಸ್ತಾಂಬುಲ್‌ಗೆ ನಿಯೋಗ ಕಳಿಸಿದರು. ಅವರ ಇನ್ನೊಂದು ನಿಯೋಗ 1788ರಲ್ಲಿ ಫ್ರಾನ್ಸಿನ ದೊರೆಯನ್ನು ಕಂಡಿತು. ಅವರ ರಾಜಧಾನಿ ಶ್ರೀರಂಗಪಟ್ಟಣ ಇರುವುದು ನಮ್ಮದೇ ಜಿಲ್ಲೆಯಲ್ಲಿ. ರಾಯಭಾರ ಎಂಬುದು ಈ ನೆಲಕ್ಕೆ ಹೊಸದಲ್ಲ.

ಹೆಣ್ಣುಮಕ್ಕಳಿಗೆ ಆಗುವ ಕೆಲಸವೇ ಎಂದು ಕೇಳಿದರೆ ಕೊಡಗಿನ ಸಿ.ಬಿ. ಮುತ್ತಮ್ಮನವರ ಬದುಕನ್ನು ನೋಡಿ. 1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿದರು. ಒಂಬತ್ತನೇ ವಯಸ್ಸಿಗೆ ತಂದೆ ತೀರಿಕೊಂಡರು. ತಾಯಿ ಎದೆಗುಂದದೆ ನಾಲ್ಕೂ ಮಕ್ಕಳನ್ನು ಓದಿಸಿದರು. ಆ ಮಗಳು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆಯಾದರು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಆಗ ಅವರಿಂದ ಬರೆಸಿಕೊಂಡಿದ್ದರು! ಮುಂದೆ ಹಂಗೇರಿಯಲ್ಲಿ ರಾಯಭಾರಿಯಾದರು. ಬಡ್ತಿ ತಪ್ಪಿದಾಗ ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಮದುವೆಯ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು.

ಇಂದು ಅಂಥ ನಿಯಮವಿಲ್ಲ. ಆದರೆ ಸರ್ಕಾರ ಕೈಬಿಟ್ಟ ನಿಯಮವನ್ನು ನಾವು ಮನೆಯೊಳಗೆ ಉಳಿಸಿಕೊಂಡಿಲ್ಲವೇ? ಮದುವೆ ಇಲ್ಲವೇ ಓದು, ಎರಡರಲ್ಲಿ ಒಂದು ಎನ್ನುತ್ತೇವೆ. ಒಳ್ಳೆಯ ಸಂಬಂಧವಾದರೆ ಮೂರು ತಿಂಗಳು ಕಾಯುತ್ತದೆ. ಮಗಳ ಓದನ್ನು ಗೌರವಿಸುವ ಮನೆ ಹೌದೋ ಅಲ್ಲವೋ ಎಂಬುದೂ ಆಗಲೇ ತಿಳಿಯುತ್ತದೆ.

ನಿಮ್ಮ ಭಯ ಸುಳ್ಳಲ್ಲ. ದೊಡ್ಡ ಊರು, ಗುರುತಿಲ್ಲದ ಜನ. ಹಾಗೆಂದು ಭಯಕ್ಕೆ ಬಾಗಿಲು ಮುಚ್ಚುವುದೊಂದೇ ಮದ್ದಲ್ಲ. ತಂದೆಯೋ ಅಣ್ಣನೋ ಜೊತೆಗೆ ಹೋಗಿ, ಹೆಣ್ಣುಮಕ್ಕಳ ಹಾಸ್ಟೆಲನ್ನು ಕಣ್ಣಾರೆ ಕಂಡು ಬಿಟ್ಟುಬರಲಿ. ಖರ್ಚಿನ ಲೆಕ್ಕ ಮೊದಲೇ ಹಾಕಿ, ಏಕೆಂದರೆ ಆ ಹತ್ತು ಸಾವಿರದಲ್ಲಿ ದೆಹಲಿಯ ಬಾಡಿಗೆ, ಊಟ ಎರಡೂ ನಡೆಯುವುದು ಕಷ್ಟ.

ಆಯ್ಕೆಯಾಗುವವರು ಕೆಲವೇ ಮಂದಿ. ಅವಕಾಶ ಸಿಗದಿದ್ದರೆ ಅಥವಾ ಮಗಳು ಇನ್ನೂ ಮೊದಲ ವರ್ಷದಲ್ಲಿದ್ದರೆ ಬೇಸಿಗೆ ರಜೆ ವ್ಯರ್ಥವಾಗಬೇಕಿಲ್ಲ. ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ವಿದೇಶ ಸುದ್ದಿಯ ಪುಟ ಓದಲಿ. ಓದಿದ್ದನ್ನು ಒಂದು ಪುಟದಲ್ಲಿ ಬರೆಯಲಿ. ಗೋಡೆಗೊಂದು ವಿಶ್ವ ಭೂಪಟ ಹಾಕಿ. ವಿದೇಶಾಂಗ ಸೇವೆಗೆ ಬೇಕಾದ ಯು.ಪಿ.ಎಸ್‌.ಸಿ. ಪರೀಕ್ಷೆಯ ಪೂರ್ವಭಾವಿ ಹಂತ ಇಂಗ್ಲಿಷ್ ಅಥವಾ ಹಿಂದಿಯಲ್ಲಿರುತ್ತದೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಅಲ್ಲಿ ಇಂಗ್ಲಿಷ್ ಪತ್ರಿಕೆಯಲ್ಲೂ ತೇರ್ಗಡೆಯಾಗಬೇಕು.

ಇನ್ನೊಂದು ಮಾತು. ನಮ್ಮ ಮಕ್ಕಳು ಮದ್ರಸಾದಲ್ಲಿ ಅರಬಿ ಅಕ್ಷರ ಕಲಿತಿರುತ್ತಾರೆ. ಓದಲು ಬರುತ್ತದೆ, ಆದರೆ ಅರ್ಥವಾಗುವುದಿಲ್ಲ, ಮಾತಾಡಲು ಬರುವುದಿಲ್ಲ. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ ವ್ಯಾಕರಣ, ಸಂಭಾಷಣೆ ಕಲಿತರೆ ಅದೇ ಬಂಡವಾಳ. ಅರಬಿ 1973ರಿಂದ ವಿಶ್ವಸಂಸ್ಥೆಯ ಅಧಿಕೃತ ಭಾಷೆ. ವಿದೇಶಾಂಗ ಸೇವೆಗೆ ಸೇರಿದವರು ಒಂದು ವಿದೇಶಿ ಭಾಷೆ ಕಲಿಯಲೇಬೇಕು, ಆ ಪಟ್ಟಿಯಲ್ಲಿ ಅರಬಿಯೂ ಇದೆ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲೂ ಅದನ್ನು ಕಲಿಸುತ್ತಾರೆ.

ಎಲ್ಲ ಹೆಣ್ಣುಮಕ್ಕಳೂ ರಾಯಭಾರಿಗಳಾಗುವುದಿಲ್ಲ. ಆದರೆ ಮೂರು ತಿಂಗಳು ಹೊರಗೆ ದುಡಿದು ಕಲಿತ ಮಗಳು ಮುಂದೆ ಶಿಕ್ಷಕಿಯಾದರೂ, ಗೃಹಿಣಿಯಾದರೂ, ಪರಿಚಯವಿಲ್ಲದ ಕಚೇರಿಯ ಬಾಗಿಲಲ್ಲಿ ಹೆದರಿ ನಿಲ್ಲುವುದಿಲ್ಲ. ಅವಳು ಕೇಳುತ್ತಿರುವುದು ನಿಮ್ಮ ಒಪ್ಪಿಗೆಯನ್ನು. ಬೇಡ ಎನ್ನುವ ಮುನ್ನ, ಅರ್ಜಿಯನ್ನೊಮ್ಮೆ ಅವಳ ಪಕ್ಕದಲ್ಲಿ ಕೂತು ಓದಿ ನೋಡಿ.