ಹುಣಸೆಬೀಜಕ್ಕೂ ಪರೀಕ್ಷೆ ಬೇಕು

ಪಿರಿಯಾಪಟ್ಟಣದ ಕಡೆಯ ಹಳ್ಳಿಗಳಲ್ಲಿ ಚೌಕಾಬಾರದ ಸಲಕರಣೆಗಾಗಿ ಯಾರೂ ಅಂಗಡಿಗೆ ಹೋಗಬೇಕಾಗಿರಲಿಲ್ಲ. ಜಗಲಿಯ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ 25 ಮನೆಗಳನ್ನು ಗೀಚಿ, ನಾಲ್ಕು ಹುಣಸೆಬೀಜಗಳ ಒಂದು ಮಗ್ಗುಲನ್ನು ಒರಟು ಕಲ್ಲಿನ ಮೇಲೆ ಬೆಳ್ಳಗಾಗುವವರೆಗೆ ತೇಯ್ದರೆ ಆಟ ಸಿದ್ಧವಾಗುತ್ತಿತ್ತು. ಇಂದು ಅದೇ ಆಟ ಮರದ ಮಣೆ, ಹೊಳೆಯುವ ಕವಡೆಗಳೊಡನೆ ಬಣ್ಣದ ಪೆಟ್ಟಿಗೆಯಲ್ಲಿ ಮಾರಾಟಕ್ಕೆ ದೊರೆಯುತ್ತದೆ. ಮರ ಯಾವುದು, ಮೆರುಗು ಹೇಗಿದೆ ಎಂದು ಕೊಳ್ಳುವವರು ವಿಚಾರಿಸುತ್ತಾರೆ. ಆದರೆ ಮೊದಲು ವಿಚಾರಿಸಬೇಕಾದುದು ಬೇರೆಯೇ ಇದೆ. ಈ ಸಲಕರಣೆ ಆಟದಲ್ಲಿ ಮಾಡಬೇಕಾದ ಕೆಲಸವೇನು? ಅದನ್ನು ಸರಿಯಾಗಿ ಮಾಡುತ್ತದೆಯೆ? ಈ ಪ್ರಶ್ನೆಗೆ ಕಣ್ಣು ಉತ್ತರ ಕೊಡಲಾರದು, ಪರೀಕ್ಷೆಯೊಂದೇ ಕೊಡಬಲ್ಲದು.

ಚೌಕಾಬಾರದ ಲೆಕ್ಕವನ್ನೇ ನೋಡೋಣ. ನಾಲ್ಕು ಬೀಜಗಳನ್ನು ಎಸೆದಾಗ ಎಷ್ಟು ಬಿಳಿಯ ಮಗ್ಗುಲುಗಳು ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ 4. ನಾಲ್ಕೂ ಕಪ್ಪಾದರೆ ಬಾರ, ಅಂದರೆ 8. ಚೌಕ ಬಾರಗಳು ಬಿದ್ದವನಿಗೆ ಇನ್ನೊಂದು ಎಸೆತವೂ ಉಂಟು.

ಪ್ರತಿಯೊಂದು ಬೀಜವೂ ಬಿಳಿಯಾಗಿ ಅಥವಾ ಕಪ್ಪಾಗಿ ಬೀಳುವ ಸಂಭವ ಸಮವೆಂದು ಭಾವಿಸಿದರೆ, ನಾಲ್ಕು ಬೀಜಗಳು ಬೀಳಬಹುದಾದ ಬಗೆಗಳು 2×2×2×2, ಅಂದರೆ 16. ಇವುಗಳಲ್ಲಿ ಚೌಕಕ್ಕೆ 1 ಬಗೆ, ಬಾರಕ್ಕೆ 1 ಬಗೆ. ಒಂದಕ್ಕೆ 4, ಎರಡಕ್ಕೆ 6, ಮೂರಕ್ಕೆ 4. ಹೀಗಾಗಿ 1000 ಎಸೆತಗಳಲ್ಲಿ ಚೌಕವೂ ಬಾರವೂ ಸುಮಾರು 62ರಂತೆ ಬೀಳಬೇಕು.

ಈಗ ಬೀಜಗಳನ್ನು ತೇಯುವಾಗ ತುಸು ಹೆಚ್ಚುಕಡಮೆಯಾಗಿ, ಒಂದೊಂದು ಬೀಜವೂ 10ರಲ್ಲಿ 6 ಸಲ ಬಿಳಿಯಾಗಿ ಬೀಳುವಂತಾಯಿತೆಂದು ಎಣಿಸೋಣ. ಈ ವ್ಯತ್ಯಾಸ ನೋಡುವವರ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ. ಆದರೆ ಪರಿಣಾಮವೇನು? ನಾಲ್ಕೂ ಬಿಳಿಯಾಗುವ ಸಂಭವ 0.6ನ್ನು ನಾಲ್ಕು ಸಲ ಗುಣಿಸಿದಷ್ಟು, ಅದು 0.13ಕ್ಕೆ ಹತ್ತಿರ. ನಾಲ್ಕೂ ಕಪ್ಪಾಗುವ ಸಂಭವ 0.4ನ್ನು ನಾಲ್ಕು ಸಲ ಗುಣಿಸಿದಷ್ಟು. ಅದು ಸುಮಾರು 0.026. ಅಂದರೆ 1000 ಎಸೆತಗಳಲ್ಲಿ ಚೌಕ 130 ಸಲ ಬಿದ್ದರೆ ಬಾರ 26 ಸಲ ಮಾತ್ರ ಬೀಳುವುದು! ಸಮವಾಗಿದ್ದ ಎರಡು ಫಲಗಳಲ್ಲಿ ಒಂದು ಇನ್ನೊಂದರ ಐದರಷ್ಟಾಯಿತು. ಬೀಜವೊಂದರ ಸಣ್ಣ ಓರೆ ನಾಲ್ಕು ಬೀಜಗಳು ಕೂಡಿದಾಗ ಹೀಗೆ ಬೆಳೆದುಬಿಡುತ್ತದೆ.

‘ಇಬ್ಬರೂ ಅವೇ ಬೀಜಗಳನ್ನು ಎಸೆಯುವರಷ್ಟೆ, ಅನ್ಯಾಯವೆಲ್ಲಿ ಬಂತು?’ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಬೀಜಗಳ ಓರೆ ಇಬ್ಬರಿಗೂ ಸಮಾನವಾಗಿದ್ದರೆ, ಅದು ಇಬ್ಬರಿಗೂ ತಿಳಿಯದಿದ್ದರೆ, ಅನ್ಯಾಯವಿಲ್ಲ. ಆದರೆ ಒಬ್ಬನಿಗೆ ಮಾತ್ರ ಅದು ಗೊತ್ತಿದ್ದರೆ? ಎದುರಾಳಿಯ ಕಾಯಿಗೆ ಎಂಟು ಮನೆ ಮುಂದೆ ನಿಲ್ಲುವುದರಲ್ಲಿ ಭಯವಿಲ್ಲ, ನಾಲ್ಕು ಮನೆ ಮುಂದೆ ನಿಲ್ಲುವುದು ಅಪಾಯವೆಂದು ಆತ ಬಲ್ಲ. ಇನ್ನೊಬ್ಬ ತಾನು ಸೋತುದು ಅದೃಷ್ಟದಿಂದಲೆಂದು ತಿಳಿದು, ಗೆದ್ದವನ ಕೈಗುಣವನ್ನು ಹೊಗಳುತ್ತ ಮನೆಗೆ ಹೋಗುತ್ತಾನೆ. ಪಣವೊಡ್ಡಿ ಆಡುವೆಡೆಯಲ್ಲಿ ಈ ಅಜ್ಞಾನಕ್ಕೆ ಹಣವನ್ನೇ ತೆರಬೇಕಾಗುತ್ತದೆ. ಕೈಗುಣವೆಂದು ನಾವು ಕರೆಯುವುದರಲ್ಲಿ ಬೀಜದ ಗುಣವೆಷ್ಟು ಎಂದು ಕೇಳುವುದೇ ವಿಜ್ಞಾನದ ಮೊದಲ ಹೆಜ್ಜೆ.

ಪರೀಕ್ಷೆ ಬಹು ಸುಲಭ. ಒಂದು ಬೀಜವನ್ನು 100 ಸಲ ಎಸೆದು ಬಿಳಿ ಎಷ್ಟು ಸಲ ಬಿತ್ತೆಂದು ಬರೆದುಕೊಳ್ಳಿರಿ. ಸರಿಯಾದ ಬೀಜವೂ ನಿಖರವಾಗಿ 50 ಸಲ ಬಿಳಿಯಾಗಬೇಕೆಂದಿಲ್ಲ. 40ರಿಂದ 60ರ ನಡುವೆ ಎಲ್ಲಿ ಬಿದ್ದರೂ ಅದು ಸಹಜವಾದ ಏರಿಳಿತವೇ ಇರಬಹುದು. ಅದರಾಚೆ ಹೋದರೆ ಸಂಶಯಪಡಬೇಕು. ಇನ್ನೂ ಸೂಕ್ಷ್ಮವಾಗಿ ತಿಳಿಯಬೇಕೆಂದರೆ 400 ಸಲ ಎಸೆಯಿರಿ. ಆಗ ಸರಿಯಾದ ಬೀಜ ಸಾಮಾನ್ಯವಾಗಿ 180ರಿಂದ 220ರೊಳಗೆ ನಿಲ್ಲುತ್ತದೆ. ಎಸೆತಗಳನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ನಮ್ಮ ಅನಿಶ್ಚಯ ಅರ್ಧಕ್ಕಿಳಿಯುತ್ತದೆಂಬ ಸಂಖ್ಯಾಶಾಸ್ತ್ರದ ನಿಯಮವನ್ನು ಜಗಲಿಯ ಮೇಲೆ ಕುಳಿತೇ ಕಾಣಬಹುದು. ಮುಂದೆ ಆಡುವ ನೆಲದ ಮೇಲೆಯೇ ಪರೀಕ್ಷಿಸುವುದು ಒಳ್ಳೆಯದು. ಗಟ್ಟಿ ನೆಲದ ಮೇಲೆ ಬೀಜ ಪುಟಿಯುವಂತೆ ಚಾಪೆಯ ಮೇಲೆ ಪುಟಿಯದು. ಕವಡೆಗೂ ಇದೇ ವಿಧಾನ. ಅದರ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. ಎರಡು ಮಗ್ಗುಲುಗಳ ಆಕಾರವೇ ಬೇರೆಯಾದುದರಿಂದ ಅವು ಸಮಸಮವಾಗಿ ಬೀಳುವುವೆಂದು ಮೊದಲೇ ನಂಬಲು ಆಧಾರವಿಲ್ಲ.

ಎಲ್ಲ ಆಟಗಳ ಸಲಕರಣೆಗೂ ಇದೇ ಪರೀಕ್ಷೆ ಸಲ್ಲದು. ಅಳಗುಳಿಮನೆಯಲ್ಲಿ ಅದೃಷ್ಟಕ್ಕೆ ಎಡೆಯೇ ಇಲ್ಲ. ಕಾಳುಗಳೆಲ್ಲ ಇಬ್ಬರ ಕಣ್ಣೆದುರಿಗೇ ಇರುತ್ತವೆ. ಅಲ್ಲಿ ಗುಳಿಗಳು ಬೆರಳಾಡುವಷ್ಟು ಅಗಲವಾಗಿದ್ದು, ಕಾಳುಗಳು ಎಣಿಕೆಗೆ ಸಿಕ್ಕುವಂತಿದ್ದರೆ ಸಾಕು. ಆದರೆ ಮತ್ತೊಂದು ಎಚ್ಚರ ಅಗತ್ಯ. ಚೆಲುವಾದ ಕೆಂಪು ಕಪ್ಪು ಗುಲಗಂಜಿಯಲ್ಲಿ ಅಬ್ರಿನ್ ಎಂಬ ಘೋರ ವಿಷವಿದೆ. ಎಳೆಯ ಮಕ್ಕಳಿರುವ ಮನೆಯಲ್ಲಿ ಅದರ ಬದಲು ಹುಣಸೆಬೀಜವೇ ಲೇಸು.

ಚೀನಾದಲ್ಲಿ ಹುಟ್ಟಿದ ಮಾಜಾಂಗ್ ಎಂಬ ಬಿಲ್ಲೆಯಾಟದ ಅಗತ್ಯವೇ ಬೇರೆ. ಅದರಲ್ಲಿ ಸಾಮಾನ್ಯವಾಗಿ 144 ಬಿಲ್ಲೆಗಳು. ಆಡುವವನು ತನ್ನ ಬಿಲ್ಲೆಗಳ ಮುಖವನ್ನು ಇತರರಿಂದ ಮರೆಮಾಡಬೇಕು. ಹಿಂದೆ ಮೂಳೆಯ ಮುಖಕ್ಕೆ ಬಿದಿರಿನ ಬೆನ್ನನ್ನು ಜೋಡಿಸಿ ಬಿಲ್ಲೆಗಳನ್ನು ಮಾಡುತ್ತಿದ್ದರು. ಬಿದಿರಿನ ಗೆರೆಗಳು ಒಂದರಂತೆ ಇನ್ನೊಂದಿರುವುದಿಲ್ಲವಾದುದರಿಂದ, ನೆನಪಿನ ಶಕ್ತಿಯುಳ್ಳವನು ಬೆನ್ನನ್ನು ನೋಡಿಯೇ ಬಿಲ್ಲೆಯನ್ನು ಗುರುತಿಸಲು ಅವಕಾಶವಿತ್ತು. ಬಿಲ್ಲೆಗಳನ್ನು ಆನಿಸಿಡುವ ಮರದ ಹಲಗೆಗಳೂ ಉಂಟು. ಅಂಥ ಹಲಗೆಯನ್ನು ಕೊಳ್ಳುವವನು ಕೆತ್ತನೆಯನ್ನು ಮೆಚ್ಚುವ ಮೊದಲು, ಎದುರಿನ ಕುರ್ಚಿಯಲ್ಲಿ ಕುಳಿತು ಬಿಲ್ಲೆಯ ಮುಖ ಕಾಣುವುದೇ ಎಂದು ನೋಡಬೇಕು.

ದೂರದ ಮಾತೇಕೆ? ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರು ನೆಲೆಸಿದ್ದಾರೆ. ಅವರ ನಾಡಿನ ‘ಶೋ’ ಎಂಬ ಆಟದಲ್ಲಿ ಎರಡು ದಾಳಗಳನ್ನು ಮರದ ಬಟ್ಟಲಿನಲ್ಲಿ ಕುಲುಕಿ, ತೊಗಲಿನ ಮೆತ್ತೆಯ ಮೇಲೆ ಬಟ್ಟಲನ್ನು ಬೋರಲು ಹಾಕುತ್ತಾರೆ. ಬಟ್ಟಲು ಮೆತ್ತೆಗಳು ಅಲಂಕಾರಕ್ಕಾಗಿ ಬಂದುವಲ್ಲ. ಬೆರಳಿನ ಕುಶಲತೆಯಿಂದ ದಾಳವನ್ನು ಬೇಕಾದಂತೆ ಬೀಳಿಸುವುದನ್ನು ಬಟ್ಟಲು ಕಷ್ಟಗೊಳಿಸುತ್ತದೆ. ದಾಳ ಸಿಡಿದು ಹೋಗದಂತೆ ಮೆತ್ತೆ ತಡೆಯುತ್ತದೆ. ಒಂದೊಂದು ಸಲಕರಣೆಯ ಹಿಂದೆಯೂ ಹೀಗೆ ಒಂದು ಆಲೋಚನೆ ಅಡಗಿದೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಿಗೂ ಗಂಜೀಫಾ ಎಲೆಗಳಿಗೂ ಆಸರೆಯಿತ್ತ ದೊರೆಗಳು. ಅಂಥ ಸೀಮೆಯಲ್ಲಿ ಹುಟ್ಟಿದ ನಾವು ಆಟವನ್ನು ಬರಿಯ ಹೊತ್ತು ಕಳೆಯುವ ಸಾಧನವೆಂದು ಅಲ್ಲಗಳೆಯುವುದು ತರವಲ್ಲ. ಶಾಲೆಗಳು ಬಣ್ಣದ ಪೆಟ್ಟಿಗೆಗಳನ್ನು ಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಕೊಂಡ ದಿನವೇ ಕವಡೆಗಳನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಎಸೆದು ಎಣಿಸಿ ಬರೆಯಿಸಬೇಕೆನ್ನುತ್ತೇನೆ. ಕೊಳ್ಳಲು ಹಣವಿಲ್ಲದ ಶಾಲೆಗೂ ಕೊರತೆಯೇನಿಲ್ಲ. ನಾಲ್ಕು ಹುಣಸೆಬೀಜ, ಒಂದು ಒರಟು ಕಲ್ಲು, ಒಂದು ಹಾಳೆ ಸಾಕು. ಓರೆಯಾಗಿ ಬೀಳುವ ಬೀಜವನ್ನು ಇನ್ನಷ್ಟು ತೇಯ್ದು ಮತ್ತೆ ಪರೀಕ್ಷಿಸಲಿ, ಅಥವಾ ಬೇರೆ ಬೀಜವನ್ನು ಆರಿಸಿಕೊಳ್ಳಲಿ. ಹಾಗೆ ತಾನೇ ಎಣಿಸಿ ನೋಡಿದ ಹುಡುಗಿಯೋ ಹುಡುಗನೋ ಮುಂದೆ ಸೋತಾಗ ಹಣೆಬರಹವನ್ನು ದೂರುವ ಮೊದಲು ಒಮ್ಮೆ ಬೀಜವನ್ನು ಕೈಗೆತ್ತಿಕೊಂಡು ನೋಡುವುದು ಖಂಡಿತ.